ಮನೆದೇವರ ಫೋಟೋ

ನಮ್ಮ ಮೊಮ್ಮಗಳ ಮದುವೆ ಗೊತ್ತಾಯಿತು! ಹುಡುಗನ ಕಡೆಯವರು ಬೆಳಿಗ್ಗೆ ಹಲಸೂರಿನ ನಮ್ಮ ಮನೆಗೇ ಬಂದು ಒಪ್ಪಿಗೆ ಅಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮ್ಮಲ್ಲಿ ಇಂಥ ಸುದ್ದಿ ಮೊದಲು ಹೇಳಬೇಕಾದ್ದು ಮನೆದೇವರಿಗೆ. ನಾನು ಮಾತ್ರ ಮೊದಲು ನಮ್ಮ ಯಜಮಾನರಿಗೆ ಹೇಳಬೇಕು ಅಂದುಕೊಂಡೆ.

ಅವರು ಕೆ.ಆರ್.ಪುರದಲ್ಲಿ, ವಾಸಿಯಾಗದ ಕಾಯಿಲೆಯವರನ್ನು ಕೊನೇವರೆಗೂ ನೋಡಿಕೊಳ್ಳೋ ಆಸ್ಪತ್ರೆಯಲ್ಲಿದ್ದರು. ಅಲ್ಲೊಬ್ಬಳು ನರ್ಸು, ಕೇರಳದ ಹುಡುಗಿ. ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯೋದು, ಸುಳ್ಳು ಯಾಕೆ ಹೇಳಲಿ. ಜನ್ಮದಲ್ಲಿ ದೇವಸ್ಥಾನದ ಹೊಸಿಲು ತುಳಿಯದ ಮನುಷ್ಯ, ಅವಳ ಹತ್ತಿರ ದೇವರು, ಪಾಪ, ಸತ್ತ ಮೇಲೆ ಎಲ್ಲಿಗೆ ಹೋಗ್ತೀವಿ ಅಂತೆಲ್ಲ ಮಾತಾಡೋರು. ನಾನು ಒಳಗೆ ಹೋದರೆ ಮಾತು ನಿಲ್ಲೋದು. "ಊಟ ಆಯ್ತಾ?" ಅನ್ನೋರು. ನನ್ನ ಪಾಲಿಗೆ ಅಷ್ಟೇ.

ಹೊರಡೋ ಹೊತ್ತಿಗೆ ಅವಳದೇ ಫೋನು. "ಅಮ್ಮಾ, ತಾತ ಮನೆದೇವ್ರ ಹತ್ರ ಕ್ಷಮೆ ಕೇಳ್ಬೇಕಂತೆ. ತುಂಬಾ ನೋಯಿಸಿದೀನಿ ಅಂತಾರೆ. ಒಂದು ಫೋಟೋ ತನ್ನಿ."

ನೋಡಿ! ಇದನ್ನೂ ಅವಳಿಗೇ ಹೇಳಬೇಕಾ? ದೇವರ ಗೂಡಿನಿಂದ ನಮ್ಮ ಮನೆದೇವರು ಮುನೇಶ್ವರನ ಫೋಟೋ ತೆಗೆದು ಟವಲಿನಲ್ಲಿ ಸುತ್ತಿಕೊಂಡು ಮೆಟ್ರೋ ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಮದುವೆ ಸುದ್ದಿ ಹೇಳಿದೆ, ಹಾಗೇ ಆ ನರ್ಸನ್ನೂ ಬೈದೆ.

ಆಸ್ಪತ್ರೆಯಲ್ಲಿ ಫೋಟೋ ನೋಡಿ ನಮ್ಮ ಯಜಮಾನರು ಕೆಮ್ಮು ಬರೋವರೆಗೂ ನಕ್ಕರು. "ಅಯ್ಯೋ ಸಿಸ್ಟರ್, ನಮ್ಮ ಕಡೆ ಹೆಂಡ್ತೀನ ಮನೆದೇವ್ರು ಅಂತೀವಿ! ಈ ಮೀಸೆಯವನಿಗೆ ನಾನೇನು ನೋವು ಕೊಟ್ಟಿದೀನಿ?"

ನರ್ಸು ನಾಲಿಗೆ ಕಚ್ಚಿಕೊಂಡಳು. ನನ್ನ ಉರಿ ಆರಲಿಲ್ಲ. "ಕ್ಷಮೆ ನನಗೆ, ಮಾತು ಅವಳಿಗೆ. ಇದ್ಯಾವ ನ್ಯಾಯ ರೀ?"

"ಅವಳ ಹತ್ರ ಹೇಳಿ ಹೇಳಿ ರೂಢಿ ಮಾಡ್ಕೊತಿದ್ದೆ ಕಣೇ. ನಿನ್ನ ಮುಖ ನೋಡಿದ್ರೆ ಬಾಯೇ ಬರ್ತಿರ್ಲಿಲ್ಲ."

ನರ್ಸು ಮೆಲ್ಲಗೆ ಎದ್ದು ಹೊರಗೆ ಹೋದಳು. ಸಾಯೋಕೆ ಭಯ ಆಗುತ್ತೆ ಅಂತ ಅವರು ಮೊದಲು ಹೇಳಿದರು. ಆಮೇಲೆ, "ಇಷ್ಟು ವರ್ಷ ನಿನ್ನ ಒಂದು ದಿನಾನೂ ಕೂರಿಸ್ಕೊಂಡು ಮಾತಾಡ್ಲಿಲ್ಲ" ಅಂದರು. ನಾನು ಅತ್ತೆ, ಅವರೂ ಅತ್ತರು. ಅಳು ನಿಂತ ಮೇಲೆ ಮದುವೆ ಸುದ್ದಿ ಹೇಳಿದೆ. "ಹುಡುಗ ಮಾತಾಡ್ತಾನಾ?" ಅಂತ ಕೇಳಿದರು.

ಸಾಯಂಕಾಲ ಮಗ, ಸೊಸೆ, ಮೊಮ್ಮಗಳು ಕ್ಯಾರಿಯರ್ ತುಂಬ ಬಿಸಿಬೇಳೆಬಾತು, ಶಾವಿಗೆ ಪಾಯಸ ತಂದರು. ಯಜಮಾನರ ಮಂಚದ ಸುತ್ತ ಕೂತು ಎಲ್ಲರೂ ಉಂಡೆವು. ನರ್ಸನ್ನೂ ಕರೆದೆ. ಅವಳು ಬಂದವಳೇ ಅವರಿಗೆ ಪಾಯಸ ತಿನ್ನಿಸೋಕೆ ಚಮಚ ಎತ್ತಿದಳು. ಕಿತ್ಕೊಂಡೆ.

"ನೀನು ಕೂತ್ಕೊಂಡು ತಿನ್ನಮ್ಮ," ಅಂದೆ.