ಅದಕ್ಕೇನೂ ಗೊತ್ತಾಗಲ್ಲ

ನಾಲ್ಕು ಪದದ ಒಂದು ಸಾಲು. ಅದನ್ನು ಹೇಳಲು ಗಿರಿಜಕ್ಕನಿಗೆ ಆರು ಟೇಕ್ ಬೇಕಾಯಿತು.

ಗಿರಿಜಕ್ಕ ಯಾರು ಅಂತ ಗೊತ್ತಾದರೆ ಇದು ಎಂಥ ಸುದ್ದಿ ಅಂತ ನಿಮಗೂ ಅರ್ಥವಾಗುತ್ತದೆ. ಹೈದರಾಬಾದಿನಲ್ಲಿ ಕನ್ನಡ ಡಬ್ಬಿಂಗ್ ಎಲ್ಲೇ ನಡೆಯಲಿ, ತಾಯಿ, ಅತ್ತೆ, ಹಾಸ್ಟೆಲ್ ವಾರ್ಡನ್, ಮಹಾರಾಣಿ, ಮಾಟಗಾತಿ, ಎಲ್ಲರಿಗೂ ಇವರದೇ ಗಂಟಲು. ಒಂದೇ ಟೇಕಿಗೆ ಮುಗಿಸಿ ಚೀಲ ಹೆಗಲಿಗೇರಿಸುವವರು. ಊರು ಗದಗ. ಗಂಡನಿಗೆ ಇಲ್ಲಿಯ ರಕ್ಷಣಾ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಿ ಬಂದವರು, ಇಲ್ಲೇ ಉಳಿದರು. ಮನೆಯಲ್ಲಿ ಗದಗದ ಮಾತು, ಅಂಗಡಿಯಲ್ಲಿ ತೆಲುಗು, ಆಟೋದಲ್ಲಿ ಹಿಂದಿ. ಮೈಕ್ ಮುಂದೆ ಮಾತ್ರ ಅಚ್ಚುಕಟ್ಟಾದ ಪುಸ್ತಕದ ಕನ್ನಡ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. (ಹೊಸಬರಿಗೆ: ಇಂಗ್ಲಿಷಿನಲ್ಲಿ ತುಟಿ ಅಲ್ಲಾಡಿಸುವವರಿಗೆ ಕನ್ನಡದ ಮಾತು ಹೊಂದಿಸಿ ಕೊಡುತ್ತೇನೆ.) ಈ ಸಲ ಬಂದದ್ದು ರೋಬೋಗಳ ಸೀರೀಸ್. ಹತ್ತು ಕಂತು. ಕಡಲ ದಂಡೆಯಲ್ಲೊಂದು ಮನೆ, ಮನೆಕೆಲಸಕ್ಕೊಂದು ಯಂತ್ರ. ನೋಡಲು ಥೇಟ್ ಹೆಂಗಸು. ಪಾತ್ರೆ ತೊಳೆಯುತ್ತದೆ, ಬಟ್ಟೆ ಮಡಿಸುತ್ತದೆ, ಹೆಸರಿಲ್ಲ. ಏಳನೇ ಕಂತಿನಲ್ಲಿ ಒಂದು ದಿನ ಕೆಲಸವೆಲ್ಲ ಮುಗಿದ ಮೇಲೆ, ಯಾರೂ ಹೇಳದೆ, ಕಿಟಕಿಯ ಬಳಿ ಕೂತು ಸಮುದ್ರ ನೋಡುತ್ತದೆ. ಮರುದಿನವೂ ನೋಡುತ್ತದೆ. ಮನೆಯೊಡತಿಗೆ ದಿಗಿಲು. ಯಂತ್ರಕ್ಕೆ ಸಮುದ್ರ ಯಾಕೆ? ಮೆಕ್ಯಾನಿಕ್‌ನನ್ನು ಕರೆಸಿ ಹೇಳುತ್ತಾಳೆ: "ಆಫ್ ಮಾಡಿಬಿಡಿ. ಅದಕ್ಕೇನೂ ಗೊತ್ತಾಗಲ್ಲ."

ಈ "ಅದು" ಮೊದಲಿಂದಲೂ ನನ್ನ ತಲೆ ತಿಂದಿತ್ತು. ಪಕ್ಕದ ಟೇಬಲ್ಲಿನಲ್ಲಿ ತೆಲುಗು ಬರೆಯುವ ಗೆಳತಿಗೆ ಈ ಚಿಂತೆಯೇ ಇಲ್ಲ. ಹುಡುಗಿ ಬಂದರೂ "ವಚ್ಚಿಂದಿ", ಬಸ್ಸು ಬಂದರೂ "ವಚ್ಚಿಂದಿ". ನಮಗೆ ಹಾಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ಬಂತಾ, ಬಂದಳಾ? ಒಂದನ್ನು ಆರಿಸಲೇಬೇಕು. ಕೆಲಸ ಕೊಟ್ಟವರು ಮಾತ್ರ ಯಂತ್ರ ಕೊನೆಯವರೆಗೂ "ಅದು"ವೇ ಆಗಿರಲಿ ಅಂದಿದ್ದರು. ನಾನು ವಿಧೇಯಳಾಗಿ ಹಾಗೇ ಬರೆದುಕೊಟ್ಟೆ, ಒಡತಿಯ ಆ ಸಾಲಿನ ಪಕ್ಕ "ಬಿರುಸಾಗಿ" ಅನ್ನುವ ಸೂಚನೆಯನ್ನೂ ಸೇರಿಸಿ.

ರೆಕಾರ್ಡಿಂಗ್ ಇದ್ದದ್ದು ಹಿಮಾಯತ್‌ನಗರದ ಒಂದು ಗಲ್ಲಿಯ ಎರಡನೇ ಮಹಡಿಯಲ್ಲಿ. ಕೆಳಗೆ ಹಾರ್ನುಗಳ ಜಾತ್ರೆ. ಬಾಗಿಲು ಮುಚ್ಚಿದ ಕ್ಷಣ ಊರೇ ಇಲ್ಲ. ನೀರಿನೊಳಗೆ ಮುಳುಗಿದ ಹಾಗೆ. ಕತ್ತಲ ಕೋಣೆ, ಪರದೆಯ ಮೇಲೆ ಅದೇ ದೃಶ್ಯ ಮತ್ತೆ ಮತ್ತೆ: ಯಂತ್ರ ಕೂರುತ್ತದೆ, ನೋಡುತ್ತದೆ. ಆ ಕಡಲಿನ ನೀಲಿ ಬೆಳಕು ಗಾಜಿನಾಚೆ ನಿಂತ ಗಿರಿಜಕ್ಕನ ಮುಖದ ಮೇಲೆ ಹರಿಯುತ್ತಿತ್ತು.

ಮೊದಲ ಟೇಕಿನಲ್ಲಿ ಅವರು "ಅವಳಿಗೇನೂ" ಅಂದರು. ಡಬ್ಬಿಂಗ್ ಡೈರೆಕ್ಟರ್ ಕಿರಣ್ ನಯವಾಗಿ ತಿದ್ದಿದ. ಎರಡನೆಯದರಲ್ಲೂ "ಅವಳಿಗೇನೂ". ಮೂರರಲ್ಲಿ ಮಾತು ಅರ್ಧಕ್ಕೆ ನಿಂತಿತು. ನಾಲ್ಕರಲ್ಲಿ ಪದ ಸರಿಯಾಗಿತ್ತು, ಆದರೆ ಪರದೆಯ ಹೆಂಗಸು ಬಾಯಿ ಮುಚ್ಚಿದ ಮೇಲೆ ಬಂತು. ಐದರಲ್ಲಿ ಏನೂ ಬರಲಿಲ್ಲ. ಗಿರಿಜಕ್ಕ ಹೆಡ್‌ಫೋನ್ ತೆಗೆದಿಟ್ಟು ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದರು.

ಬೇರೆ ಯಾರಾದರೂ ಆಗಿದ್ದರೆ ಕಿರಣ್ ಸಿಡುಕುತ್ತಿದ್ದ. ನನ್ನ ಮುಖ ನೋಡಿದ, ಅಷ್ಟೇ. ನಾನು ಹಿಂದೆಯೇ ಹೋದೆ.

ಅವರು ಮೆಟ್ಟಿಲ ಮೇಲೆ ಕೂತಿದ್ದರು. ಆರು ವರ್ಷದ ಪರಿಚಯ ನಮ್ಮದು. ಮನೆಯಲ್ಲಿ ಒಬ್ಬಳು ಮಗಳಿದ್ದಾಳೆ ಅನ್ನುವುದಷ್ಟೇ ನನಗೆ ಗೊತ್ತಿದ್ದದ್ದು. ಕೇಳಿರಲಿಲ್ಲ. (ಕೇಳಬಾರದು ಅಂತ ನಾನೇ ತೀರ್ಮಾನಿಸಿಬಿಟ್ಟಿದ್ದೆ. ಇದನ್ನು ಸಂಕೋಚ ಅನ್ನುತ್ತೇವೆ, ಅಲ್ಲವೇ?) ಅವತ್ತು ಅವರೇ ಹೇಳಿದರು. ಮಂಜುಳಾ. ಇಪ್ಪತ್ತೊಂಬತ್ತು ವರ್ಷ. ಹುಟ್ಟಿದಾಗ ಅಳುವುದು ತಡವಾಯಿತು. ಈವರೆಗೆ ಒಂದು ಮಾತೂ ಆಡಿಲ್ಲ. ಕರೆದರೆ ಸಾಮಾನ್ಯವಾಗಿ ತಿರುಗುವುದೂ ಇಲ್ಲ. ಬಂದವರಿಗೆಲ್ಲ ಸಿಹಿ ಹಂಚುವಾಗ ಗಿರಿಜಕ್ಕನ ಅತ್ತೆ ಇವಳನ್ನು ದಾಟಿ ಮುಂದೆ ಹೋಗುತ್ತಿದ್ದರಂತೆ. "ಅದಕ್ಕೆ ಬೇಡ, ಅದಕ್ಕೇನು ಗೊತ್ತಾಗುತ್ತದೆ" ಅನ್ನುತ್ತಿದ್ದರಂತೆ.

ಅವರ ಮನೆ ಇರುವುದು ಸಿಕಂದರಾಬಾದಿನಲ್ಲಿ, ರೈಲು ಹಳಿಗಳ ಹಿಂದೆ. ನಾಲ್ಕು ವರ್ಷದವಳಿದ್ದಾಗ ಒಂದು ದಿನ ಮಂಜುಳಾ ಅಂಗೈಯನ್ನು ಗೋಡೆಗೆ ಒತ್ತಿ ನಿಂತಳಂತೆ. ಏನೂ ಸದ್ದಿಲ್ಲ. ತುಸು ಹೊತ್ತಿಗೆ ರೈಲು ಬಂತು.

"ನಮಗ್ಯಾರಿಗೂ ಕೇಳಿಸಿರಲಿಲ್ರಿ, ಆಕಿಗೆ ಮೊದಲಽ ತಿಳಿದಿತ್ತು" ಅಂದರು ಗಿರಿಜಕ್ಕ. "ಆವತ್ತ ನನಗ ಖಾತ್ರಿ ಆತು. ಒಳಗ ಆಕಿ ಅದಾಳ."

ಬರಹಗಾರರಿಗೆ ತೋಚುವುದು ಒಂದೇ: ತಿದ್ದುವುದು. ಸಾಲನ್ನೇ ಬದಲಿಸುತ್ತೇನೆ, "ಅವಳಿಗೆ" ಅಂತ ಮಾಡುತ್ತೇನೆ, ಕೆಲಸ ಕೊಟ್ಟವರ ಜೊತೆ ನಾನೇ ಜಗಳಾಡುತ್ತೇನೆ ಅಂದೆ.

ಅವರು ತಲೆಯಾಡಿಸಿದರು.

"ಬ್ಯಾಡ್ರಿ. ಆ ಹೆಣ್ಮಗಳು ಹಂಗಽ ಅಂತಾಳ. ಆದ್ರ ನೀವು ಬಿರುಸಾಗಿ ಅನ್ನಬೇಕಂತ ಬರದೀರಿ, ಅದು ತಪ್ಪೈತಿ. ನಮ್ಮತ್ತಿಯವ್ರು ಸಿಟ್ಟಿಲೆ ಅಂದವರಲ್ಲ. ಭಾಳ ಮೆತ್ತಗ ಅಂತಿದ್ರು. ಆಕಿ ತಲಿ ಸವರಕೋತ."

ಒಳಗೆ ಹೋದೆವು. ಆರನೇ ಟೇಕ್. ಪರದೆಯಲ್ಲಿ ಕಡಲು. ಗಿರಿಜಕ್ಕ ಕಣ್ಣು ಮುಚ್ಚಲಿಲ್ಲ. ಬಲಗೈ ಮಾತ್ರ ಮೈಕಿನ ಪಕ್ಕದಲ್ಲಿ ಮೆಲ್ಲಗೆ ಎದ್ದಿತು, ಯಾರದೋ ಕೂದಲ ಮೇಲೆ ಇಟ್ಟ ಹಾಗೆ. ಮಗುವನ್ನು ತಟ್ಟಿ ಮಲಗಿಸುವ ದನಿಯಲ್ಲಿ ಅಂದರು: ಆಫ್ ಮಾಡಿಬಿಡಿ. ಅದಕ್ಕೇನೂ ಗೊತ್ತಾಗಲ್ಲ.

ಕಿರಣ್ ಓಕೆ ಅನ್ನಲೂ ಮರೆತ. ಬಿರುಸಾಗಿ ಅಂದಿದ್ದರೆ ಆ ಒಡತಿಯನ್ನು ದ್ವೇಷಿಸಿ ಹಗುರಾಗಬಹುದಿತ್ತು. ಇಷ್ಟು ಅಕ್ಕರೆಯಿಂದ ಅಂದವಳನ್ನು ಏನು ಮಾಡುವುದು?

ಸೀರೀಸ್ ಬಿಡುಗಡೆಯಾದ ವಾರ ಗಿರಿಜಕ್ಕನ ಫೋನ್ ಬಂತು. ಏಳನೇ ಕಂತನ್ನು ಒಬ್ಬರೇ ನೋಡಲು ಮನಸ್ಸಿಲ್ಲ, ಭಾನುವಾರ ಊಟ ಮಾಡಿಕೊಂಡು ಬನ್ನಿ ಅಂದರು.

ಭಾನುವಾರದ ಮಧ್ಯಾಹ್ನ ಹೇಗಿರುತ್ತದೆ ನಿಮಗೇ ಗೊತ್ತು. ಊರು ಅರ್ಧ ನಿದ್ದೆಯಲ್ಲಿತ್ತು. ಮನೆಯೊಳಗೆ ಹಳದಿ ಪರದೆ ಹಾಯ್ದು ಬಂದ ಬಿಸಿಲು ಚಾಪೆಯ ಮೇಲೆ ಜೇನಿನಂತೆ ಹರಡಿತ್ತು. ಅಲ್ಲಿ ಮಂಜುಳಾ ಕೂತಿದ್ದಳು, ಉದ್ದ ಜಡೆ, ಅಂಗೈ ಗೋಡೆಯ ಮೇಲೆ. ನಾನೂ ಪಕ್ಕದಲ್ಲಿ ಕೂತು ಕೈ ಇಟ್ಟೆ. ತಣ್ಣನೆಯ ಸುಣ್ಣ, ಅಷ್ಟೇ. ಬಹಳ ಹೊತ್ತಿನ ಮೇಲೆ ಎಲ್ಲೋ ಆಳದಿಂದ ಒಂದು ನಡುಕ ಬೆರಳ ತುದಿಗೆ ಬಂತು. ಆಮೇಲೆ ರೈಲು. ಅವಳು ನನ್ನ ಕಡೆ ನೋಡಲಿಲ್ಲ. ಆದರೂ ಒಟ್ಟಿಗೆ ಏನೋ ಕೇಳಿದೆವು ಅನ್ನಿಸಿತು.

ಟಿವಿ ಹಚ್ಚಿದರು. ಮಂಜುಳಾ ಅತ್ತ ನೋಡಲಿಲ್ಲ. ಯಂತ್ರ ಕಿಟಕಿಯ ಬಳಿ ಕೂತಿತು. ಮೆಕ್ಯಾನಿಕ್ ಬಂದ. ಆ ಮೆತ್ತನೆಯ ದನಿ ಕೋಣೆ ತುಂಬಿತು.

ಮಂಜುಳಾ ತಿರುಗಿದಳು. ಮೊದಲು ಟಿವಿಯ ಕಡೆ, ಆಮೇಲೆ ತಾಯಿಯ ಕಡೆ. ತಾಯಿಯ ಬಾಯಿ ಮುಚ್ಚಿತ್ತು. ಅವಳು ಗೋಡೆಯಿಂದ ಕೈ ತೆಗೆದು ತಾಯಿಯ ಗಂಟಲ ಮೇಲೆ ಇಟ್ಟಳು. ಒತ್ತಿ ಹಿಡಿದಳು.

"ನಾ ಅಲ್ಲವ್ವಾ" ಅಂದರು ಗಿರಿಜಕ್ಕ. "ಆ ಹೆಂಗಸು ಅಂದಿದ್ದು. ನಾ ಹಂಗ ಅನ್ನೂದಿಲ್ಲ."

ಕೈ ಅಲ್ಲೇ ಇತ್ತು. ಟಿವಿಯಲ್ಲಿ ಯಂತ್ರದ ಕಣ್ಣು ಆರಿತೋ ಇಲ್ಲವೋ, ನಾನು ನೋಡಲಿಲ್ಲ. ನಮ್ಮಲ್ಲಿ ಯಾರೂ ನೋಡಲಿಲ್ಲ.

ಆಮೇಲೆ ಗಿರಿಜಕ್ಕ ಕಣ್ಣೊರೆಸಿಕೊಂಡು ಎದ್ದು ಹೋಗಿ ಚಹಾ ಮಾಡಿ ತಂದರು. ಮೂರು ಕಪ್ಪು. ನಾನು ಅವರನ್ನು ಕೇಳಿದೆ, ಸಹಜವಾಗಿ, ಬಹಳ ಮೆತ್ತಗೆ: "ಇವಳು ಚಹಾ ಕುಡೀತಾಳಾ?"

"ಇಲ್ಲೇ ಕುಂತಾಳಲ್ರಿ" ಅಂದರು. "ಆಕಿನ್ನಽ ಕೇಳ್ರಿ."

"ಅವಳು", "ಅದು" ಅಂತ ತಲೆ ಕೆಡಿಸಿಕೊಂಡವಳು ನಾನೇ ತಾನೇ? ಚಾಪೆಯ ಮೇಲೆ ಜರುಗಿ, ಕಪ್ಪನ್ನು ಅವಳ ಮುಂದಿಟ್ಟು ಕೇಳಿದೆ, ಚಹಾ ಬೇಕಾ ಮಂಜುಳಾ ಅಂತ. ಫ್ಯಾನ್ ತಿರುಗುತ್ತಿತ್ತು. ಪರದೆ ಉಬ್ಬಿ ಇಳಿಯಿತು. ಬಿಸಿಲು ಚಾಪೆಯ ಅಂಚಿಗೆ ಸರಿಯಿತು. ಎರಡು ಸಲ ಮೊಬೈಲ್ ನೋಡಬೇಕೆನಿಸಿತು, ನೋಡಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು. ಆಗ ಅವಳ ಬೆರಳು ಬಂದು ಕಪ್ಪನ್ನು ತನ್ನ ಕಡೆಗೆ ಒಂದಿಷ್ಟು ಎಳೆದುಕೊಂಡಿತು.

ಯಂತ್ರದೊಳಗೆ ಯಾರಾದರೂ ಇದ್ದಾರಾ ಅಂತ ತಿಳಿಯಲು ಹತ್ತು ಕಂತು ಕಾಯುವ ನಾವು, ಎದುರಿಗೆ ಕೂತವರ ಉತ್ತರಕ್ಕೆ ಎಷ್ಟು ಹೊತ್ತು ಕಾದಿದ್ದೇವೆ?