ಮಾಳಿಗೆಯ ಮೇಲಿನ ಏಳು ಸೀಟು

ಆಗಿನ್ನೂ ನಮ್ಮ ಮನೆಯಲ್ಲಿ ಒಂದೇ ಅಡುಗೆಮನೆ ಇತ್ತು, ಊಟಕ್ಕೆ ಏಳು ತಾಟು ಬೀಳುತ್ತಿದ್ದವು. ಕಾಚಿಗುಡಾ ಸ್ಟೇಷನ್ನಿನ ರೈಲುಗಳ ಸದ್ದು ಕೇಳುವಷ್ಟು ಹತ್ತಿರದ ಗಲ್ಲಿ. ಸರ್ಕಾರಿ ನೌಕರಿಗೆಂದು ಕಲಬುರಗಿ ಕಡೆಯಿಂದ ಬಂದ ಅಜ್ಜ ಅಲ್ಲೇ ಮನೆ ಕಟ್ಟಿಸಿ, ನಾನು ಹುಟ್ಟುವ ಮುಂಚೆಯೇ ತೀರಿಕೊಂಡಿದ್ದ. ಅಪ್ಪನ ತಾಯಿ ಆಯಿ, ಅಪ್ಪ, ಅವ್ವ, ನಾನು, ಅಪ್ಪನ ತಮ್ಮ ಕಾಕಾ, ಅವನ ಹೆಂಡತಿ ಕಾಕಿ, ಅವರ ಮಗ ಪವನ, ಇಷ್ಟು ಜನ ಆ ಮನೆಯಲ್ಲಿ. ನನಗೆ ಹತ್ತು ವರ್ಷ, ಪವನನಿಗೆ ಎಂಟು. ಬಾಗಿಲ ಹೊರಗೆ ಕಾಲಿಟ್ಟರೆ ತೆಲುಗು, ಅಂಗಡಿಗೆ ಹೋದರೆ ಹಿಂದಿ, ಒಳಗೆ ಬಂದು ಚಪ್ಪಲಿ ಬಿಟ್ಟ ಮೇಲೆ ನಮ್ಮ ಕನ್ನಡ.

ಏಳು ಮಂದಿ ಎಲ್ಲಿಗಾದರೂ ಹೊರಟರೆ ಎರಡು ಆಟೋ ಮಾಡಬೇಕಿತ್ತು. ಅಪ್ಪನ ಸ್ಕೂಟರು, ಕಾಕಾನ ಬೈಕು ಇದ್ದವು. ಆದರೆ ಮೊಣಕಾಲು ಮಡಚಲಾಗದ ಆಯಿಯನ್ನು ಅವುಗಳ ಮೇಲೆ ಕೂಡಿಸುವುದು ಹೇಗೆ? ಮುಂದಿನ ಆಟೋದಲ್ಲಿ ಕೂತ ಆಯಿ ದಾರಿಯುದ್ದಕ್ಕೂ ಕುತ್ತಿಗೆ ಹೊರಳಿಸುತ್ತಿದ್ದಳು.

"ಹಿಂದಿನ ಆಟೋ ಬರಾಕತ್ತೈತೇನು ನೋಡವ್ವ ಮೇಘಿ."

"ಬರಾಕತ್ತೈತಿ ಆಯಿ" ಎಂದು ನಾನು ನೋಡದೆಯೇ ಹೇಳುತ್ತಿದ್ದೆ. ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಅವಳಿಗಿದ್ದದ್ದು ಒಂದೇ ಆಸೆ. "ಎಲ್ಲಾರೂ ಒಂದ ಗಾಡ್ಯಾಗ ಕುಂತು ಗಾಣಗಾಪುರಕ್ಕ ಹೋಗಬೇಕು, ಸಂಗಮದಾಗ ಒಂದು ಮುಳುಗು ಹಾಕಬೇಕು. ಹಿಂದ ತಿರುಗಿ ನೋಡೂ ಕೆಲಸ ಇರಬಾರದು" ಎನ್ನುತ್ತಿದ್ದಳು.

ಕಾಕಾನ ಆಫೀಸು ಮಾದಾಪುರದಲ್ಲಿ. ಮೆಟ್ರೋ ಇನ್ನೂ ಓಡುತ್ತಿರಲಿಲ್ಲ. ಅದರ ಕಂಬಗಳು ಮಾತ್ರ ರಸ್ತೆಯ ನಡುವೆ ಎದ್ದು ನಿಂತು ಟ್ರಾಫಿಕ್ಕನ್ನು ಇನ್ನಷ್ಟು ಕೆಡಿಸಿದ್ದವು. ದಿನಕ್ಕೆ ಮೂರು ತಾಸು ಬೈಕಿನ ಮೇಲೆ ಕಳೆದು ಬಂದವನು ಸೊಂಟ ಹಿಡಿದುಕೊಂಡು ಕೂಡುತ್ತಿದ್ದ. ಆಫೀಸಿನ ಹತ್ತಿರವೇ ಬೇರೆ ಮನೆ ಮಾಡೋಣ ಎಂದು ಕಾಕಿ ಕೇಳುತ್ತಲೇ ಇದ್ದಳು. ಕಾಕಾನದು ಪ್ರತಿ ಸಲ ಒಂದೇ ಉತ್ತರ: "ಆ ಹೊಸಾ ಗಾಡಿ ಬರಲಿ ತಡಿ. ಎಸಿ ಹಾಕ್ಕೊಂಡು ಆರಾಮ ಹೋಗಿ ಬರ್ತೀನಿ. ಮನಿ ಯಾಕ ಬಿಡಬೇಕು?"

ಹೀಗಾಗಿ ನನಗೂ ಪವನನಿಗೂ ಸಂಗತಿ ಸರಳವಾಗಿತ್ತು. ಗಾಡಿ ಬಂದರೆ ಪವನ ಇಲ್ಲೇ ಇರುತ್ತಾನೆ, ಬರದಿದ್ದರೆ ಹೋಗುತ್ತಾನೆ. ಆ ಗಾಡಿ ನಮ್ಮ ಮನೆಗೆ ಬರಲಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಕಾಯಿಸಿ ಕಾಯಿಸಿ ಕೊನೆಗೆ ಇಲ್ಲ ಎನ್ನುವುದು ಎಂಥ ಕೆಲಸವೆಂದು ನನಗೆ ಗೊತ್ತು.

ಕಂಪನಿಯವರು ಇನ್ನೂ ಮಾರುಕಟ್ಟೆಗೆ ಬಿಡದ ಆ ಗಾಡಿಯ ಬಣ್ಣದ ಚಿತ್ರವೊಂದನ್ನು ಕಾಕಾ ಆಫೀಸಿನಿಂದ ಪ್ರಿಂಟ್ ಮಾಡಿಸಿ ತಂದು ಕಪಾಟಿನ ಬಾಗಿಲಿಗೆ ಅಂಟಿಸಿದ್ದ. ಕ್ರಾಸ್‌ಓವರ್ ಎಂಬ ಮಾತನ್ನು ನಾವು ಕೇಳಿದ್ದೇ ಆಗ. "ಜೀಪಿನಂಗ ಎತ್ತರ, ಕಾರಿನಂಗ ಮೆತ್ತಗ. ಏಳು ಮಂದಿ ಕುಂಡ್ರಬಹುದು" ಎಂದು ಅವನು ವಿವರಿಸಿದರೆ ಆಯಿ ಕೇಳಿದ್ದು ಒಂದೇ ಮಾತು: "ನಾ ಹತ್ತಿ ಇಳಿಯಾಕ ಆಗತೈತೇನು, ಅದನ್ನ ಹೇಳು."

"ನಿನ್ನ ಮಂಚದಷ್ಟ ಎತ್ತರ, ಅವ್ವ."

ಮರುದಿನದಿಂದ ಆಯಿ ಮಂಚದಿಂದ ಕೆಳಗೆ ಕಾಲಿಡುವಾಗ "ಗಾಡಿ ಇಳದೆ ನೋಡ್ರಿ" ಎನ್ನತೊಡಗಿದಳು. ಅವಳ ನಗು ಕೇಳಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನೂ ಕಾಕಿಯೂ ನಗುತ್ತಿದ್ದರು.

ಸಂಕ್ರಾಂತಿಗೆ ಬಿಡುತ್ತಾರೆ ಎಂದರು. ಆಮೇಲೆ ಯುಗಾದಿಗೆ ಎಂದರು. ಕಾಕಾ ಬೇಗಂಪೇಟೆಯ ಶೋರೂಮಿಗೆ ಫೋನು ಮಾಡಿದಾಗಲೆಲ್ಲ ಆ ಕಡೆಯಿಂದ "ವಚ್ಚೇ ನೆಲ ಸಾರ್", ಮುಂದಿನ ತಿಂಗಳು ಸಾರ್. ಒಂದು ದಿನ ಕಾಕಾ, ಮೈತುಂಬ ಕಪ್ಪುಬಿಳಿ ಪಟ್ಟೆಯ ಸ್ಟಿಕರು ಹಚ್ಚಿದ ಅದೇ ಗಾಡಿಯನ್ನು ಮಾದಾಪುರದಲ್ಲಿ ಕಂಡೆನೆಂದ. ಬಿಡುಗಡೆಗೆ ಮುಂಚೆ ಯಾರಿಗೂ ರೂಪ ತಿಳಿಯದಿರಲೆಂದು ಹಾಗೆ ಮುಚ್ಚಿ ಓಡಿಸುತ್ತಾರಂತೆ. ನಾನೂ ಪವನನೂ ಗಲ್ಲಿಯ ಬಾಯಿಗೆ ನಿಂತು, ಬೇಕರಿಯಿಂದ ಬರುವ ಉಸ್ಮಾನಿಯಾ ಬಿಸ್ಕೀಟಿನ ವಾಸನೆ ಕುಡಿಯುತ್ತ, ಎಷ್ಟೋ ಸಂಜೆ ಆ ಪಟ್ಟೆ ಗಾಡಿಗಾಗಿ ಕಾದೆವು. ಬಂದದ್ದು ತರಕಾರಿ ಬಂಡಿಗಳು, ಸಿಟಿ ಬಸ್ಸುಗಳು ಮತ್ತು ಒಂದು ಸಲ ಮದುವೆಯ ಕುದುರೆ.

ಬೇಸಿಗೆ ರಜೆ ಬಂತು. ಅವ್ವ ಮತ್ತು ಕಾಕಿ ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ಸಾಬೂದಾಣಿ ಶಂಡಿಗೆ ಇಡುತ್ತಿದ್ದರು. ಕಾಗೆ ಓಡಿಸುವ ಕೆಲಸ ನಮ್ಮಿಬ್ಬರದು. ಕಾಗೆಗಿಂತ ಹೆಚ್ಚು ನಾವೇ ತಿನ್ನುತ್ತಿದ್ದೆವು. ಮೇಲೆ ಗರಿಯಾಗಿ ಒಳಗೆ ಹಸಿಯಿರುವ, ಜೀರಿಗೆ ಮತ್ತು ಹಸಿಮೆಣಸಿನಕಾಯಿಯ ವಾಸನೆಯ ಆ ಶಂಡಿಗೆಯ ರುಚಿ ಬಲ್ಲವರೇ ಬಲ್ಲರು. ರವಿವಾರ ಕಾಕಿ ಅಲ್ಲೇ ನೀರಿನ ಟಾಕಿಯ ನೆರಳಿನಲ್ಲಿ ನನ್ನನ್ನು ಕೂಡಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದಳು. ಅವ್ವ ಹಾಕಿದರೆ ಹಣೆ ಎಳೆದು ಕಣ್ಣಲ್ಲಿ ನೀರು ಬರುತ್ತಿತ್ತು. ಕಾಕಿಯ ಕೈ ಮೆತ್ತಗೆ. ಅವಳಿಗೆ ಹೆಣ್ಣುಮಕ್ಕಳಿರಲಿಲ್ಲ, ನಾನೇ ಅವಳ ಮಗಳೆಂದು ಗಲ್ಲಿಯಲ್ಲೆಲ್ಲ ಹೇಳುತ್ತಿದ್ದಳು.

ಅಪ್ಪ ಅಳೆಯದೆ ಯಾವುದನ್ನೂ ನಂಬದ ಮನುಷ್ಯ. ಪೇಪರಿನಲ್ಲಿ ಗಾಡಿಯ ಉದ್ದಗಲ ಬಂದ ದಿನ ಟೇಪು ಹಿಡಿದು ಮಾಳಿಗೆ ಹತ್ತಿದ. ಶಂಡಿಗೆಯ ಧೋತರ ಸರಿಸಿ, ಹದಿನಾಲ್ಕು ಅಡಿ ಚಿಲ್ಲರೆ ಉದ್ದ, ಆರು ಅಡಿಗೆ ತುಸು ಕಡಿಮೆ ಅಗಲದ ಗಾಡಿಯೊಂದನ್ನು ಚಾಕ್‌ಪೀಸಿನಲ್ಲಿ ಎಳೆದ. ಮುಂದೆ ಎರಡು ಸೀಟು, ನಡುವೆ ಮೂರು, ಹಿಂದೆ ಎರಡು. ಮುಂದಕ್ಕೆ ಎರಡು ಕಬ್ಬಿಣದ ಕುರ್ಚಿ ಬಂದವು, ನಡುವೆ ಬೆಂಚು, ಹಿಂದಕ್ಕೆ ಏನೂ ಉಳಿಯದೆ ಊಟದ ಎರಡು ಮಣೆ. ಹಿಟ್ಟಿನ ಜರಡಿ ಸ್ಟೇರಿಂಗ್ ಆಯಿತು.

"ನಿನ್ನ ಅಕ್ಷರ ಚಂದ ಅದಾವ, ಯಾರ್ಯಾರು ಎಲ್ಲೆಲ್ಲೆ ಕುಂಡ್ರೋದು ನೀನ ಬರಿ" ಎಂದು ಅಪ್ಪ ಚಾಕ್‌ಪೀಸು ನನ್ನ ಕೈಗಿತ್ತ.

ಓಡಿಸಲು ಬರುತ್ತಿದ್ದದ್ದು ಕಾಕಾನಿಗೆ ಮಾತ್ರ. ಅವನ ಪಕ್ಕ, ಕಾಲು ಚಾಚಲೆಂದು, ಆಯಿ. ನಡುವಿನ ಬೆಂಚಿಗೆ ಅಪ್ಪ, ಅವ್ವ, ಆಮೇಲೆ ಕಾಕಿ. ಹಿಂದಿನ ಮಣೆಗಳ ಮೇಲೆ ನಾವಿಬ್ಬರು ಮಕ್ಕಳು. ಅದೇ ನ್ಯಾಯವಾಗಿತ್ತು. ಆದರೆ ನಡುವಿನ ಸಾಲಿನ ಆ ಮೂರನೆಯ ಜಾಗಕ್ಕೆ ದೊಡ್ಡ ಕಿಟಕಿ ಇದೆಯೆಂದು ಚಿತ್ರದಲ್ಲಿ ನೋಡಿದ್ದೆ. ನನಗೆ ಅದು ಬೇಕಾಗಿತ್ತು. ಅಲ್ಲಿ ನನ್ನ ಹೆಸರು ಬರೆದೆ. ಹಿಂದೆ ಪವನನ ಪಕ್ಕ ಕಾಕಿಯ ಹೆಸರು ಬರೆದೆ.

"ಅಲ್ಲೇನು ಬರದಿ? ಹಿಂದ ಮಕ್ಕಳು ಕುಂಡ್ರಬೇಕು" ಎಂದಳು ಅವ್ವ.

"ಹಿಂದ ಕುಂತ್ರ ನನಗ ವಾಂತಿ ಬರ್ತೈತಿ" ಎಂದೆ.

ಅಲ್ಲಿಯವರೆಗೆ ನಾನು ಯಾವ ಕಾರಿನ ಹಿಂದಿನ ಸೀಟಿನಲ್ಲೂ ಕೂತಿರಲಿಲ್ಲ. ಇನ್ನೂ ಹುಟ್ಟದ ಗಾಡಿಯಲ್ಲಿ ವಾಂತಿ ಬರುತ್ತದೆ ಎಂದರೂ ಯಾರೂ ಏನೂ ಕೇಳಲಿಲ್ಲ. ಮಗುವಿಗೆ ತ್ರಾಸಾಗುತ್ತದಲ್ಲ ಎಂದು ಎಲ್ಲರೂ ಒಪ್ಪಿಬಿಟ್ಟರು. ಕಾಕಿ ಸೀರೆ ಸರಿಪಡಿಸಿಕೊಂಡು ಹಿಂದಿನ ಮಣೆಯ ಮೇಲೆ ಕೂತಳು. ಅವಳು ಮನೆಯಲ್ಲಿ ಎಲ್ಲರಿಗಿಂತ ಎತ್ತರ. ಅಪ್ಪ ಅಳೆದು ಎಳೆದ ಗೆರೆಯೊಳಗೆ ಮೊಣಕಾಲು ಗದ್ದಕ್ಕೆ ಬಂದವು. ಕಾಕಾ ಜರಡಿ ತಿರುಗಿಸಿ ಬಾಯಲ್ಲೇ ಹಾರ್ನ್ ಬಾರಿಸಿದ. ಆಯಿ ಕುರ್ಚಿಯಲ್ಲಿ ಕೂತು ಕೈಮುಗಿದಳು. ಅವ್ವ ಚಟ್ನಿಪುಡಿಯ ಡಬ್ಬಿ, ರೊಟ್ಟಿಯ ಗಂಟನ್ನು ಹಿಂದಕ್ಕೆ ದಾಟಿಸಿ, "ಬುತ್ತಿ ಗಂಟು ಅಲ್ಲೇ ನಿನ್ನ ಕಾಲಾಗ ಇಟ್ಕೋವ್ವ, ಅದು ಸಾಮಾನಿನ ಜಾಗ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾಕಿ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಅವ್ವ ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಆದರೆ ಕಾಕಿ ಆ ಮನೆಗೆ ಬಂದಾಗಿನಿಂದ ಕೊನೆಗೆ ಉಣ್ಣುವವಳು, ಉಳಿದ ಚಹಾ ಸೋಸಿಕೊಂಡು ಕುಡಿಯುವವಳು, ಆಟೋ ಎರಡಾದಾಗ ಯಾವಾಗಲೂ ಹಿಂದಿನ ಆಟೋದವಳು. ಹತ್ತು ವರ್ಷದ ನನ್ನ ಕಣ್ಣಿಗೆ ಇದಾವುದೂ ಬಿದ್ದಿರಲಿಲ್ಲ. ಅದನ್ನೆಲ್ಲ ಚಂದದ ಅಕ್ಷರದಲ್ಲಿ ಬರೆದು ಎಲ್ಲರಿಗೂ ಕಾಣುವ ಹಾಗೆ ಮಾಡಿದವಳು ಮಾತ್ರ ನಾನೇ.

ನಾನು ಖಾಲಿ ತಾಟು ಹಿಡಿದು ಕೆಳಗೆ ಇಳಿಯುವಾಗ ಮೆಟ್ಟಿಲ ತಿರುವಿನಲ್ಲಿ ಕಾಕಿ ಕಾಕಾನಿಗೆ ಹೇಳುತ್ತಿದ್ದದ್ದು ಕೇಳಿಸಿತು.

"ಗಾಡಿ ಇನ್ನಾ ಹುಟ್ಟೇ ಇಲ್ಲ. ನನ್ನ ಜಾಗ ಆಗಲೇ ಡಿಕ್ಕ್ಯಾಗ ಬರದ್ರಿ."

"ಏ, ಚಾಕ್‌ಪೀಸಿನ ಗಾಡಿ ಅದು. ಅದನ್ಯಾಕ ಇಷ್ಟು ಮನಸಿಗೆ ಹಚ್ಕೋತಿ?"

"ಚಾಕ್‌ಪೀಸಿಂದರಾಗ ಹಿಂಗಿದ್ರ ಖರೇದರಾಗ ಹೆಂಗಿರ್ತೈತ್ರಿ? ಸಾಕಾತು ನನಗ. ನಾ ಆ ಗಾಡ್ಯಾಗ ಬರಂಗಿಲ್ಲ, ಈ ಮನ್ಯಾಗೂ ಇರಂಗಿಲ್ಲ."

ಅವಳು ಕೂಗಲಿಲ್ಲ, ಅಳಲೂ ಇಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ಒದ್ದೆ ಬಟ್ಟೆ ತೆಗೆದುಕೊಂಡು ಹೋಗಿ ಎರಡೂ ಹೆಸರು ಒರೆಸಿದೆ. ಕಿಟಕಿಯ ಕಡೆ ಕಾಕಿಯ ಹೆಸರನ್ನು ದೊಡ್ಡದಾಗಿ ಬರೆದು, ಅವಳ ಕೈಹಿಡಿದು ಮಾಳಿಗೆಗೆ ಎಳೆದುಕೊಂಡು ಬಂದೆ. ಅವಳು ಬಗ್ಗಿ ಓದಿದಳು.

"ಯಾರು ಹೇಳಿದ್ರು ಅಳಸಂತ?"

"ಯಾರೂ ಇಲ್ಲ ಕಾಕಿ. ನಾನ ಅಳಸೇನಿ."

"ಮತ್ತ ನಿನ್ನ ವಾಂತಿ?"

ಅದು ಸುಳ್ಳು ಕಾಕಿ, ಕಿಟಕಿ ಬೇಕೆಂದು ಹಾಗಂದೆ ಎಂದು ಹೇಳಿದ್ದರೆ ಸಾಕಾಗಿತ್ತು. ಅವಳು ನಕ್ಕು ನನ್ನ ತಲೆಗೊಂದು ಮೊಟಕುತ್ತಿದ್ದಳು, ಇಡೀ ಸಂಗತಿ ಮಕ್ಕಳಾಟವಾಗಿ ಮುಗಿಯುತ್ತಿತ್ತೋ ಏನೋ. ಬೈಸಿಕೊಳ್ಳುವ ಹೆದರಿಕೆಗೆ ನಾನು ಬಾಯಿ ಬಿಡಲಿಲ್ಲ. ದೊಡ್ಡವರು ಯಾರೋ ಕಳಿಸಿರಬೇಕು ಎಂದುಕೊಂಡಳೇನೋ, "ಬಿಡು ಮೇಘಿ" ಎಂದು ಕೆಳಗೆ ಇಳಿದು ಹೋದಳು.

ಗಾಡಿ ಬರಲಿ ಎಂಬ ಕಾಕಾನ ಮಾತು ಆಮೇಲೆ ನಡೆಯಲಿಲ್ಲ. ಮೊದಲ ಮಳೆಗೆ ಮಾಳಿಗೆಯ ಗಾಡಿ ತೊಳೆದುಹೋಯಿತು. ಶಾಲೆ ಶುರುವಾಗುವ ವಾರ ಒಂದು ಟೆಂಪೋದಲ್ಲಿ ಅವರ ಸಾಮಾನು ಮಾದಾಪುರಕ್ಕೆ ಹೋಯಿತು. ಪವನ ಡ್ರೈವರನ ಪಕ್ಕ ಕೂತು ಕೈ ಬೀಸಿದ. ಆಯಿ ಬಾಗಿಲಲ್ಲಿ ನಿಂತು, "ತಿರುಗಿ ನೋಡಿದನೇನು? ತಿರುಗಿ ನೋಡಿದನೇನು?" ಎಂದು ನನ್ನನ್ನು ಕೇಳುತ್ತಿದ್ದಳು.

ದಸರೆಗೆ ಗಾಡಿ ಬಿಡುಗಡೆಯಾಯಿತು. ಅಪ್ಪ ನನ್ನನ್ನು ಸ್ಕೂಟರಿನ ಮೇಲೆ ಬೇಗಂಪೇಟೆಗೆ ಕರೆದುಕೊಂಡು ಹೋದ. ಬಲೂನು ಕಟ್ಟಿ, ಚೆಂಡುಹೂವಿನ ಮಾಲೆ ಹಾಕಿ ನಿಲ್ಲಿಸಿದ್ದರು. ನಾನು ಯಾರನ್ನೂ ಕೇಳದೆ ನುಸುಳಿ ಹಿಂದಿನ ಸೀಟಿಗೆ ಹೋಗಿ ಕೂತೆ. ಹೊಸ ಪ್ಲಾಸ್ಟಿಕ್ಕಿನ ವಾಸನೆ, ಪುಟ್ಟ ಕಿಟಕಿ, ತೆರೆಯಲು ಬಾರದ ಗಾಜು. ಮಕ್ಕಳಿಗೂ ಇಕ್ಕಟ್ಟಾದ ಜಾಗ. ನಿಜವಾಗಿಯೂ ವಾಂತಿ ಬರುವಂತಾಯಿತು. ಸೇಲ್ಸಿನ ಹುಡುಗ ಎಷ್ಟು ಜನ ಸಾರ್ ಮನೆಯಲ್ಲಿ ಎಂದು ತೆಲುಗಿನಲ್ಲಿ ಕೇಳಿದ. ಅಪ್ಪ "ನಲುಗುರು" ಎಂದ, ನಾಲ್ಕು ಜನ. ಅಷ್ಟಕ್ಕೆ ಮಾತು ಮುಗಿಯಿತು.

ಆಮೇಲೆ ಎರಡೂ ಮನೆಗಳಿಗೆ ಸಣ್ಣ ಕಾರು ಬಂದವು. ಆಯಿ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ. ಇಲ್ಲಿದ್ದಾಗ ಅವರು ಉಂಡರೇನು ಎನ್ನುವಳು, ಅಲ್ಲಿದ್ದಾಗ ನಾವು. ಕಾಚಿಗುಡಾದ ಮನೆಯನ್ನೂ ಮಾರಿದರು. ಈಗ ಅಲ್ಲಿ ಐದಂತಸ್ತು ಎದ್ದಿದೆ. ಪವನ ಹಬ್ಬಕ್ಕೆ ಫೋನಿನಲ್ಲಿ ಹೂವಿನ ಚಿತ್ರ ಕಳಿಸುತ್ತಾನೆ, ನಾನೂ ಒಂದು ಕಳಿಸುತ್ತೇನೆ. ಜಡೆ ಹಾಕಿಸಿಕೊಳ್ಳುವುದನ್ನು ನಾನು ಆ ವರ್ಷವೇ ಬಿಟ್ಟೆ, ಕೂದಲು ಕತ್ತರಿಸಿಕೊಂಡೆ.

ಹೋದ ವರ್ಷ ಆಯಿ ತೀರಿಕೊಂಡಳು. ಗಾಣಗಾಪುರ ಅವಳ ಬಾಯಲ್ಲೇ ಉಳಿಯಿತು. ಆದರೆ ತನ್ನ ಇಬ್ಬರು ಗಂಡುಮಕ್ಕಳಿಗೂ ಒಂದು ಮಾತು ಹೇಳಿಟ್ಟಿದ್ದಳು: "ನನ್ನ ಬಿಡಾಕ ಹೋಗೂಮುಂದ ಎರಡು ಗಾಡಿ ಮಾಡಬ್ಯಾಡ್ರಿ." ಅಸ್ಥಿ ಬಿಡಲು ಸಂಗಮಕ್ಕೆ ಹೊರಟ ಬೆಳಿಗ್ಗೆ ಕಾಕಾ ಬಾಡಿಗೆಯ ಗಾಡಿಯನ್ನು ತಾನೇ ಓಡಿಸಿಕೊಂಡು ಬಂದ. ನೋಡಿದ ಕೂಡಲೇ ಗುರುತು ಸಿಕ್ಕಿತು. ಕಪಾಟಿನ ಬಾಗಿಲ ಮೇಲಿದ್ದ ಅದೇ ಗಾಡಿ, ಬಣ್ಣ ಮಾಸಿ, ಬಂಪರು ಸೊಟ್ಟಗಾಗಿ ನಿಂತಿತ್ತು.

"ಗಡಿಗಿ ನಾ ತೊಡಿ ಮ್ಯಾಲ ಇಟ್ಕೋತೀನಿ" ಎಂದ ಅಪ್ಪ.

"ಬ್ಯಾಡ ಅಣ್ಣ. ಅವ್ವನ ಸೀಟು ಮುಂದೈತಿ, ಅಲ್ಲೇ ಇರಲಿ." ಕಾಕಾ ಬಿಳಿ ಬಟ್ಟೆ ಕಟ್ಟಿದ ಗಡಿಗೆಯನ್ನು ಮುಂದಿನ ಸೀಟಿನಲ್ಲಿಟ್ಟು, ಬೆಲ್ಟು ಎಳೆದು ಸುತ್ತಿ ಹಾಕಿದ. ಅಪ್ಪ ಅವ್ವ ನಡುವೆ ಹತ್ತಬೇಕು, ಅಷ್ಟರಲ್ಲಿ ಕಾಕಿ ಯಾರೂ ಹೇಳುವ ಮುಂಚೆಯೇ ಸೀಟು ಮಡಚಿ, ಸೊಂಟ ಬಗ್ಗಿಸಿ, ಹಿಂದೆ ಪವನನ ಪಕ್ಕ ಹೋಗಿ ಕೂತಳು. ಅವಳ ಬೈತಲೆಯ ಎರಡೂ ಬದಿ ಬೆಳ್ಳಗಾಗಿತ್ತು. ಮೊಣಕಾಲು ಗದ್ದಕ್ಕೆ ಬಂದಿದ್ದವು.

"ಕಾಕಿ, ನೀವು ಮುಂದ ಬರ್ರಿ. ನಾ ಅಲ್ಲಿ ಕೂಡ್ತೀನಿ."

"ಯಾಕ? ನನ್ನ ಸೀಟು ಇದ ಅಲ್ಲೇನು?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀ ಕಿಟಕಿ ಕಡೆ ಕುಂಡ್ರು ಮೇಘಾ. ನಿನಗ ವಾಂತಿ ಬರ್ತೈತಲ್ಲ."

ಮೇಘಿ ಎನ್ನಲಿಲ್ಲ. ಹತ್ತು ವರ್ಷದವಳಾಗಿದ್ದಾಗ ಬಾರದ, ಅದು ಸುಳ್ಳು ಎಂಬ ಆ ಒಂದು ಮಾತು ಈಗಲೂ ನನ್ನ ಬಾಯಿಗೆ ಬರಲಿಲ್ಲ. ಬಂದಿದ್ದರೂ ಅದರಿಂದ ಯಾರಿಗೆ ಏನಾಗಬೇಕಿತ್ತು? ನಾನು ಕಿಟಕಿಯ ಪಕ್ಕ ಕೂತೆ. ಜಹೀರಾಬಾದ್ ದಾಟಿತು, ಹುಮನಾಬಾದ್ ದಾಟಿತು. ಆಯಿ ಬಯಸಿದ ಹಾಗೆ ಎಲ್ಲರೂ ಒಂದೇ ಗಾಡಿಯಲ್ಲಿದ್ದೆವು, ನಾನು ಮೊದಲ ಸಲ ಬರೆದ ಜಾಗಗಳಲ್ಲೇ ಇದ್ದೆವು. ಗಾಣಗಾಪುರ ಬರುವವರೆಗೆ ನಾನು ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ.