ಬೀಗ ಹಾಕುವ ಕಾಡಿನಲ್ಲಿ ಹಾಜರಿ

ಕಾಡಿಗೆ ಬೀಗ ಹಾಕುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೈದರಾಬಾದಿಗೆ ಬಂದ ಮೊದಲ ತಿಂಗಳು, ಒಂದು ರವಿವಾರ ಬೆಳಿಗ್ಗೆ, ನಮ್ಮ ಮನೆ ಮಾಲಿಕರು ನನ್ನನ್ನು ಕಾರಿನ ಹಿಂದಿನ ಸೀಟಿನಲ್ಲಿ ತುರುಕಿಕೊಂಡು ಹೋಗಿ ಇಳಿಸಿದ್ದು ಒಂದು ಹಸಿರು ಗೇಟಿನ ಮುಂದೆ. ಪಕ್ಕದಲ್ಲಿ ಟಿಕೆಟ್ ಕಿಟಕಿ. ಕಿಟಕಿಯ ಮೇಲೆ ಕಾಡು ತೆರೆಯುವ ಸಮಯ, ಮಧ್ಯಾಹ್ನ ಕಾಡು ಮುಚ್ಚುವ ಸಮಯ. ನಾನು ಗದಗಿನ ಕಡೆಯವನು. ನಮ್ಮ ಗುಡ್ಡವನ್ನು ಎಲ್ಲಿಂದ ಬೇಕಾದರೂ ಹತ್ತಬಹುದು, ಆಡು ಹೋದದ್ದೇ ದಾರಿ. ಇಲ್ಲಿ ಕಾವಲುಗಾರ ನನ್ನ ಚೀಲ ತಡವಿ, ಚುರುಮುರಿ ಪೊಟ್ಟಣ ತೆಗೆದಿಟ್ಟುಕೊಂಡು, ಗೇಟು ಮುಚ್ಚುವುದರೊಳಗೆ ವಾಪಸ್ಸು ಬರಬೇಕು ಎಂದು ತೆಲುಗಿನಲ್ಲಿ ಹೇಳಿದ.

"ಒಳಗಽ ಉಳದರ?" ಎಂದು ಕೇಳಿದೆ.

ಅವನಿಗೆ ಕನ್ನಡ ಬಾರದು, ಆದರೆ ಪ್ರಶ್ನೆ ತಿಳಿಯಿತು. ಅವನು ನಗಲಿಲ್ಲ. ಅದೇ ನನಗೆ ಹೆದರಿಕೆ ತಂದದ್ದು.

ನಾನಿರುವುದು ಕುಷಾಯಿಗೂಡದಲ್ಲಿ, ಶೇಷಗಿರಿ ಕಾಕಾ ಅವರ ಮಾಳಿಗೆಯ ಮೇಲಿನ ಖೋಲಿಯಲ್ಲಿ. ಕಾಕಾ ವಿಜಯಪುರದವರು, ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಅವರ ಹೆಂಡತಿ ಮಾಲತಿ ಕಾಕೂ. ಕನ್ನಡದ ಹುಡುಗ ಎಂಬ ಒಂದೇ ಕಾರಣಕ್ಕೆ ಖೋಲಿ ಕೊಟ್ಟರು. ನಾನು ದುಡಿಯುವುದು ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಲ್ಲಿ, ಅಂದರೆ ಊರಿನ ಇನ್ನೊಂದು ತುದಿಯಲ್ಲಿ. ಎರಡು ಬಸ್ಸು ಬದಲಿಸಿ ಹೋಗುವ ಹೊತ್ತಿಗೆ ನಾನೊಬ್ಬನೇ ಮೂವರಾಗಿರುತ್ತೇನೆ. ಬಸ್ಸಿನಲ್ಲಿ ಕಂಡಕ್ಟರನ ರಾಗದಲ್ಲೇ ಟಿಕೆಟ್ ಕೇಳುತ್ತೇನೆ. ಕಾರ್ಖಾನೆಯಲ್ಲಿ ನಮ್ಮ ಸೂಪರ್‌ವೈಸರರ ತೆಲುಗನ್ನೇ ಅವರಿಗೆ ತಿರುಗಿ ಬಡಿಸುತ್ತೇನೆ. ಊರಲ್ಲಿ ಈರ್ಯಾ ಆದವನು ಅಲ್ಲಿ ವೀರೇಶಂ. ಆಟೋದವರ ಮುಂದೆ ವೀರೇಶ್ ಭಾಯ್. ಬೇಡ ಅನ್ನಲಿಕ್ಕೆ 'ನಕ್ಕೋ', ಹೌದು ಅನ್ನಲಿಕ್ಕೆ 'ಹೌ'.

ನಕಲು ಮಾಡುವ ಚಟ ನನಗೆ ಊರಿನಿಂದಲೇ ಬಂದದ್ದು. ಅಲ್ಲಿ ಅದು ಬರೀ ಚೇಷ್ಟೆ. ಇಲ್ಲಿ ಹೊಟ್ಟೆಪಾಡು. ಕೋಠಿ ಬಜಾರಿನಲ್ಲಿ ಚಾದರ ಕೊಳ್ಳಲು ಹೋದಾಗ ಪಕ್ಕದ ಗಿರಾಕಿ ಹೇಗೆ ಮಾತಾಡಿದಳೋ ಹಾಗೆಯೇ ಮಾತಾಡಿ, ಅವಳಿಗೆ ಬಿಟ್ಟ ದರಕ್ಕೇ ತಂದೆ. ಅವಳು ಗರ್ಭಿಣಿಯೆಂದು ಕೂರಲು ಸ್ಟೂಲು ಕೊಟ್ಟಿದ್ದ ಅಂಗಡಿಯವನು ನನಗೂ ಒಂದು ಕೊಟ್ಟ. ಹೊಸ ಊರಿನಲ್ಲಿ ನನ್ನ ಮೊದಲ ವಿಜಯ ಅದು. ರಾತ್ರಿ ಖೋಲಿಗೆ ಬಂದರೆ ಮಾತ್ರ ಯಾರ ದನಿ ತೆಗೆಯಬೇಕೆಂದು ತಿಳಿಯುತ್ತಿರಲಿಲ್ಲ. ಗೋಡೆಯ ಹಲ್ಲಿಯೂ ಲೊಚಗುಟ್ಟಿ ಉತ್ತರ ಕೊಡುವ ಊರಿನಿಂದ ಬಂದವನು ನಾನು. ಇಲ್ಲಿನ ಹಲ್ಲಿಗಳು ಬಾಯಿ ಬಿಡುವುದಿಲ್ಲ, ಬಹುಶಃ ನಾನು ನಕಲು ಮಾಡುತ್ತೇನೆಂಬ ಭಯ.

ಅದಕ್ಕೇ ರವಿವಾರದ ನಡಿಗೆಗೆ ಒಪ್ಪಿಕೊಂಡೆ. ಊರು ಮುಗಿದು, ಹೊಲಗಳು ಶುರುವಾಗಿ, ಒಂದು ಸಣ್ಣ ಪೇಟೆ ದಾಟಿದ ಮೇಲೆ ಆ ರಕ್ಷಿತ ಕಾಡು ಸಿಗುತ್ತದೆ. ಆನೆಗಾತ್ರದ ಬಂಡೆಗಳು ಒಂದರ ಮೇಲೊಂದು ಕೂತಿವೆ, ಯಾರೋ ಆಟ ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋದಂತೆ. ನಡುವೆ ಸೀತಾಫಲ, ಬೇವು, ಮುತ್ತುಗ. ನಡೆಯುವ ದಾರಿಗಳ ಪಕ್ಕದ ಕಲ್ಲುಗಳಿಗೆ ಬಣ್ಣ ಬಳಿದಿದ್ದಾರೆ: ಹಳದಿ ಕೆರೆಗೆ ಹೋಗುತ್ತದೆ, ಕೆಂಪು ಗುಡ್ಡದ ನೆತ್ತಿಗೆ. ದಾರಿ ಬಿಟ್ಟು ಇಳಿಯಬಾರದು, ಎಲೆ ಹೂವು ಕೀಳಬಾರದು, ಸದ್ದು ಮಾಡಬಾರದು ಎಂದು ಹೆಜ್ಜೆಗೊಂದು ಫಲಕ. ಚಿರತೆ ಇದೆ ಎಂಬ ಫಲಕ ಎಲ್ಲೂ ಇಲ್ಲ. ಇಲ್ಲ ಎಂಬ ಫಲಕವೂ ಇಲ್ಲ. ನಾನು ಪ್ರತಿ ವಾರ ಎರಡನ್ನೂ ಹುಡುಕುತ್ತೇನೆ.

ನಾವು ಎಂಟ್ಹತ್ತು ಜನ, ಹೆಚ್ಚಿನವರು ಕಾಕಾ ಅವರ ಕಾರ್ಖಾನೆಯ ಹಳಬರು, ಜೊತೆಗೆ ಕಾಕೂ. ಕಾಕಾ ಅಲ್ಲಿಂದ ತಂದ ಪದ್ಧತಿ ಒಂದಿದೆ: ಹಾಜರಿ. ದಾರಿ ಎಲ್ಲೆಲ್ಲಿ ಒಡೆಯುತ್ತದೋ ಅಲ್ಲಿ ನಿಂತು, ಸದ್ದು ಮಾಡಬಾರದೆಂಬ ಫಲಕಕ್ಕೆ ಬೆನ್ನು ಕೊಟ್ಟು, ಒಬ್ಬೊಬ್ಬರ ಹೆಸರು ಕೂಗುತ್ತಾರೆ. ಅವರವರು "ಹಾಂ ರೀ" ಅನ್ನಬೇಕು. ಆಮೇಲೆಯೇ ಮುಂದಿನ ಹೆಜ್ಜೆ. ಎರಡನೇ ವಾರಕ್ಕೇ ನಾನು ಎಲ್ಲರ ಪರವಾಗಿ ಅವರವರ ದನಿಯಲ್ಲಿ "ಹಾಂ ರೀ" ಅನ್ನತೊಡಗಿದೆ. ಎಲ್ಲರೂ ನಕ್ಕರು. ಮೂರನೇ ವಾರ ಅವರೇ ಬಾಯಿ ಮುಚ್ಚಿಕೊಂಡು ನನ್ನ ಸರದಿಗೆ ಕಾದರು. ಕಾಕಾ ಅವರ ದನಿಯೊಂದನ್ನು ಮಾತ್ರ ನಾನು ಯಾರೆದುರೂ ಮುಟ್ಟಿರಲಿಲ್ಲ. ಮನೆ ಮಾಲಿಕರ ನಕಲು ಬಾಡಿಗೆದಾರನ ಆರೋಗ್ಯಕ್ಕೆ ಒಳ್ಳೆಯದಲ್ಲ.

ನಾನು ಹೇಳಹೊರಟಿರುವುದು ಬತುಕಮ್ಮ ಹಬ್ಬಕ್ಕೆ ಮುಂಚಿನ ರವಿವಾರದ ಮಾತು. ಇಲ್ಲಿಯ ಹೆಣ್ಣುಮಕ್ಕಳು ಹೂವನ್ನು ತಟ್ಟೆಯಲ್ಲಿ ಗೋಪುರದಂತೆ ಪೇರಿಸಿ ಸುತ್ತ ಹಾಡಿ ಕುಣಿಯುವ ಹಬ್ಬ ಅದು. ಅದಕ್ಕೆ ತಂಗೇಡು ಹೂವು ಬೇಕೇ ಬೇಕು. ನಮ್ಮ ಕಡೆ ತಂಗಡಿಕಿ ಅನ್ನುವ ಅದೇ ಹಳದಿ ಹೂವು. ನಮ್ಮಲ್ಲಿ ಅದನ್ನು ಯಾರೂ ತಿರುಗಿ ನೋಡುವುದಿಲ್ಲ, ಇಲ್ಲಿ ತಲೆಯ ಮೇಲಿಡುತ್ತಾರೆ. ಕಾಡಿನ ತುಂಬ ಅದು ಅರಳಿತ್ತು.

ಆ ದಿನ ಸಾಲಿನ ಕೊನೆಯವನು ನಾನು. ಕೆಂಪು ದಾರಿ ಹಳದಿಯಿಂದ ಒಡೆಯುವಲ್ಲಿ ಕಾಕಾ ನಿಂತರು. ಹೆಸರುಗಳಾದವು. "ಮಾಲತಿ" ಎಂದರು. ಆಗ ನನ್ನ ಬೆನ್ನ ಹಿಂದೆ, ದೂರದ ಬಂಡೆಗಳ ಕಡೆಯಿಂದ ದನಿ ಬಂತು:

"ಅಯ್ಯ, ಯಾರರೆ ಬರ್ರಿ... ಸಿಕ್ಕೊಂಡೀನಿ."

ಎಲ್ಲರೂ ಹೋ ಎಂದು ನಕ್ಕರು. ಕಾಕಾ ಅವರ ಹಳೆಯ ಜೊತೆಗಾರ ಇಮ್ತಿಯಾಜ್ ಭಾಯ್ ನನ್ನ ಹೆಗಲು ತಟ್ಟಿದರು. "ಕ್ಯಾ ನಕಲ್ ಉತಾರಾ ಮಿಯಾಂ. ದೂರದಾಗಿಂದ ಬಂದಂಗ ತಗದೀ ನೋಡು."

"ನಾನಲ್ಲರಿ" ಎಂದೆ.

ಭಯಕ್ಕೆ ದನಿ ಸಣ್ಣಗಾಗಿ, ಥೇಟು ಕಾಕೂ ದನಿಯಂತೆಯೇ ಬಂತು. ಇನ್ನಷ್ಟು ನಗು.

"ಖರೇನ ನಾನಲ್ಲರಿ ಕಾಕಾ. ನನ್ನ ಬಾಯಿ ಮುಚ್ಚಿತ್ತು."

"ಬಾಯಿ ಮುಚ್ಚಿ ಮಾಡಾಕ ಯಾವಾಗ ಕಲ್ತಿ?" ಕಾಕಾ ಕಣ್ಣೊರೆಸಿಕೊಂಡರು. "ಆಕಿ ಕೆರಿ ಕಟ್ಟಿ ಮ್ಯಾಲ ಕುಂತಿರ್ತಾಳ. ಮೊಣಕಾಲು ನೋಯಾಕತ್ತಾವ ಅಂತ ಮುಂಜಾನೆನ ಹೇಳ್ಯಾಳ. ನಡೀರಿ, ಬಿಸಲು ಏರಾಕತ್ತೈತಿ, ಗೇಟ್ ಹಾಕ್ತಾನ ಆಂವ."

ಅವರು ಕೆಂಪು ಕಲ್ಲು ಹಿಡಿದು ಹತ್ತತೊಡಗಿದರು. ನಾನು ನಿಂತೆ. ಅದು ಕಾಕೂ ದನಿಯೇ ಎಂದು ಇಡೀ ಕಾಡಿನಲ್ಲಿ ಖಾತ್ರಿಯಿದ್ದದ್ದು ನನ್ನೊಬ್ಬನಿಗೆ. ಯಾಕೆಂದರೆ ನಾನು ಮಾಡಿರಲಿಲ್ಲ. ಕೆಳಗೆ ಕಾವಲುಗಾರನ ಸೀಟಿ ಕೇಳಿತು. ಆಮೇಲೆ ಏನೂ ಇಲ್ಲ. ಎರಡನೇ ಸಲ ಕಾಕೂ ಕೂಗಲಿಲ್ಲ. ಕೂಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಒಬ್ಬನೇ ಹಿಂದಕ್ಕೆ ನಡೆದೆ. ನಮ್ಮ ಗುಡ್ಡದಲ್ಲಿ ಒಬ್ಬರೇ ಹೋದರೂ ಎಲ್ಲೋ ಒಬ್ಬ ಕುರುಬ ಕಾಣುತ್ತಾನೆ, ಇಲ್ಲವೇ ಅವನ ನಾಯಿ. ಇಲ್ಲಿ ಒಂದು ಎಲೆ ಬಿದ್ದರೂ ನಾನು ಅದನ್ನು ಚಿರತೆಯ ಲೆಕ್ಕಕ್ಕೆ ಹಾಕಿದೆ. ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ಕಾಕೂ ಮೊಬೈಲು ಕಾರಿನಲ್ಲಿತ್ತು. ಕೆರೆ ಕಟ್ಟೆಯ ಕಲ್ಲುಬೆಂಚು ಬರಿದಾಗಿತ್ತು.

"ಕಾಕೂ" ಎಂದು ಕೂಗಿದೆ.

"ಮೆಲ್ಲಕ" ಎಂದಿತು ಒಂದು ಬಂಡೆ.

ದಾರಿಯಿಂದ ಕೆಳಗೆ ಇಳಿದು ನೋಡಿದರೆ ಕಾಕೂ ಎರಡು ಕಲ್ಲುಗಳ ನಡುವೆ ಕಾಲು ಸಿಕ್ಕಿಸಿಕೊಂಡು ಕೂತಿದ್ದರು. ಹರಡಿನ ಹತ್ತಿರ ಕಾಲು ಊದಿತ್ತು, ಮುಖ ಬಿಳಿಚಿತ್ತು. ಮಡಿಲಲ್ಲಿ ಸೆರಗಿನ ತುಂಬ ತಂಗೇಡು ಹೂವು.

"ಮತ್ತ್ಯಾಕ ಕೂಗಲಿಲ್ಲರಿ?"

"ಸೀಟಿ ಊದಿದ್ನಲ್ಲ ಆಂವ. ಹೂವಿನ ಸಮೇತ ಸಿಕ್ಕರ ನಿಮ್ಮ ಕಾಕಾನ ಮಾನ ಏನಾಗ್ತೈತಿ? ಎದುರು ಮನಿ ಸ್ವರೂಪಾಗ ತಂದು ಕೊಡ್ತೀನಿ ಅಂತ ಒಪ್ಪಕೊಂಡಬಿಟ್ಟೀನಿ." ಅವರು ಹಲ್ಲು ಕಚ್ಚಿದರು. "ನಾ ಕೂಗಿದ್ದಕ್ಕ ಎಲ್ಲಾರೂ ನಕ್ಕರಲ್ಲ, ಯಾಕ?"

ಕಲ್ಲು ಅಲುಗಿಸಲು ನೋಡಿದೆ. ಅದು ನನ್ನನ್ನು ಅಲುಗಿಸಿತು. ಇಬ್ಬರು ಗಟ್ಟಿ ಆಳು ಬೇಕಿತ್ತು. ಗುಡ್ಡದ ಕಡೆ ತಿರುಗಿ ನನ್ನ ಶಕ್ತಿಯೆಲ್ಲ ಹಾಕಿ ಕೂಗಿದೆ: "ಕಾಕಾ, ಬರ್ರಿ, ಕಾಕೂ ಬಿದ್ದಾರ."

ಮೇಲಿನಿಂದ ನಗು ಇಳಿದು ಬಂತು. ಹಿಂದೆಯೇ ಇಮ್ತಿಯಾಜ್ ಭಾಯ್: "ಬಸ್ ಕರೋ ಮಿಯಾಂ, ಬೋರ್ ಹೊಡ್ಯಾಕತ್ತೈತಿ."

ಮತ್ತೆ ಕೂಗಿದೆ. ಈ ಸಲ ನಗುವೂ ಇಲ್ಲ. ಅವರು ದೂರ ಹೋಗುತ್ತಿದ್ದರು. ಬೆವರು ಕಣ್ಣಿಗಿಳಿಯಿತು. ಕಾಕೂ ನನ್ನ ಮೊಣಕೈ ಹಿಡಿದರು. ಕೈ ತಣ್ಣಗಿತ್ತು.

"ನಿನ್ನ ಮಾತು ಅವ್ರು ನಂಬೂದಿಲ್ಲ. ನಂದೂ ನಂಬಲಿಲ್ಲ. ಅವ್ರು ಕೇಳೂದು ಒಬ್ಬಂದ ಮಾತು. ತಗಿ ಅವರ ದನಿ."

"ಕಾಕಾಂದು? ನಂಗ ಬರೂದಿಲ್ಲರಿ."

"ದಿನಾ ಖೋಲಿಯೊಳಗ ಒಬ್ಬನ ಮಾಡ್ತಿ. ಗೋಡಿ ತೆಳ್ಳಗ ಅದಾವ ಈರ್ಯಾ."

ಖೋಲಿ ಹೋಯಿತು ಎಂದುಕೊಂಡೆ. ಎದೆ ತುಂಬ ಉಸಿರೆಳೆದು, ಫೋರ್‌ಮನ್ ಗಂಟಲು ತೆಗೆದು, "ಹಾಜರೀ... ಎಲ್ಲಾರೂ ಹಿಂದ ಬರ್ರಿ" ಎಂದು ಕೂಗಿದೆ. ಬಂಡೆಗಳು ಅದನ್ನು ಎತ್ತಿಕೊಂಡು ಹೋದವು. ಕೊನೆಗೆ "ಮಾಲತೀ" ಎಂದೂ ಕೂಗಿದೆ. ಅದನ್ನು ಯಾಕೆ ಸೇರಿಸಿದೆನೋ ತಿಳಿಯದು. ಭಯದಲ್ಲಿ ದನಿ ನಡುವೆ ಒಡೆಯಿತು.

ಕಲ್ಲು ಉರುಳುವ ಸದ್ದು, ಬೂಟುಗಳ ಸದ್ದು. ಎಲ್ಲರಿಗಿಂತ ಮೊದಲು ಓಡಿ ಬಂದವರು ಕಾಕಾ. ಇಮ್ತಿಯಾಜ್ ಭಾಯ್ ಮತ್ತು ಇನ್ನೊಬ್ಬರು ಕಲ್ಲನ್ನು ಒತ್ತಿ ಹಿಡಿದರು. ಕಾಕಾ ಹೆಂಡತಿಯ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಗಾಜಿನ ಸಾಮಾನು ಬಿಡಿಸುವವರಂತೆ ಬಿಡಿಸಿದರು. ಸೀಟಿಯವನೂ ಬಂದ. ಸೆರಗು ನೋಡಿದ, ಕಾಲು ನೋಡಿದ. "ಪೂಲು ಇಕ್ಕಡೇ ವದಿಲೇಯಂಡಿ ಅಮ್ಮಾ" ಎಂದ; ಹೂವು ಇಲ್ಲೇ ಬಿಟ್ಟುಹೋಗಿ ಎಂದು. ಕಾಕೂ ಸೆರಗು ಕೊಡವಿದರು. ಆಮೇಲೆ ಅವನೇ ಒಂದು ಪಕ್ಕ ಹೆಗಲು ಕೊಟ್ಟು ಗೇಟಿನ ತನಕ ನಡೆಸಿಕೊಂಡು ಬಂದ. ಬೀಗದ ಕೈಗಳು ಅವನ ಜೇಬಿನಲ್ಲಿ ಗಿಲಿಗಿಲಿ ಅನ್ನುತ್ತಿದ್ದವು.

ಕಾರಿನ ಹತ್ತಿರ ಕಾಕಾ ನನ್ನ ಕಡೆ ತಿರುಗಿದರು. ಖೋಲಿ ಖಾಲಿ ಮಾಡು ಎಂಬುದನ್ನು ಕೇಳಲು ನಾನು ಸಿದ್ಧನಾದೆ.

"ಬ್ಯಾರೆ ಯಾರ ದನಿ ಬಂದ್ರೂ ನೀನ ಅಂತ ನಗತಿದ್ದೆ" ಎಂದರು. "ನಂದ ದನಿ ಕೆಳಗಿಂದ ಬಂತು ನೋಡು, ಓಡಿ ಬಂದೆ." ಕಾಕೂ ಕೂರಲೆಂದು ಕಾರಿನ ಬಾಗಿಲು ತೆಗೆದರು. "ಹಾಜರಿಗೆ ಕರೀತೀನಿ, ಅದು ಬ್ಯಾರೆ. ಹಂಗ ದನಿ ಒಡದು ಆಕಿನ್ನ ನಾ ಕರದು ಭಾಳ ವರ್ಷ ಆಗಿತ್ತು."

ಖೋಲಿ ಉಳಿಯಿತು. ಆ ಸಂಜೆ ಕಾಕೂ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತೇ ರೊಟ್ಟಿ ಬಡಿದರು, ನನಗೂ ಕಳಿಸಿದರು. ಇಲ್ಲಿ ಅದನ್ನು ಜೊನ್ನ ರೊಟ್ಟೆ ಅನ್ನುತ್ತಾರೆ. ಜೋಳ ಅದೇ, ಬೆಂಕಿ ಅದೇ, ಹೆಸರು ಮಾತ್ರ ಬಸ್ಸು ಬದಲಿಸಿದೆ, ನನ್ನ ಹಾಗೆ. ತಿನ್ನುತ್ತ ಅವ್ವನಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ, ಚಿರತೆಯ ವಿಷಯ ಬಿಟ್ಟು. ಅವ್ವ ಹೂಂಗುಟ್ಟುತ್ತ ಕೇಳಿ ಕೊನೆಗೆ ಅಂದಳು:

"ಸಾಕಿನ್ನ ಆ ಊರವರ ನಕಲಿ. ನನ್ನ ಮಗನ ದನಿಲೆ ಮಾತಾಡು."

"ನಾ ನಕಲಿ ಮಾಡಾಕತ್ತಿಲ್ಲಬೇ. ಇದು ನಾನ."

ಅವ್ವ ನಕ್ಕಳು. ಬೆಳಿಗ್ಗೆ ಗುಡ್ಡದ ಮೇಲಿನಿಂದ ಇಳಿದು ಬಂದದ್ದು ಇಂಥದೇ ನಗು.

ಮುಂದಿನ ರವಿವಾರ ಕಾಕೂ ಬರಲಿಲ್ಲ. ದಾರಿ ಒಡೆಯುವಲ್ಲಿ ಕಾಕಾ ಹೊಸ ಕಾಯಿದೆ ಹೊರಡಿಸಿದರು: ಇನ್ನು ಮೇಲೆ ಅವರವರ ಹಾಜರಿ ಅವರವರ ದನಿಯಲ್ಲೇ. ಎಲ್ಲರೂ ನನ್ನ ಕಡೆ ನೋಡಿದರು. ಒಬ್ಬೊಬ್ಬರೇ ಅಂದರು. ಬಹಳ ದಿನದಿಂದ ಬಳಸದ ದನಿಗಳು, ಕೆಲವು ತುಕ್ಕು ಹಿಡಿದಿದ್ದವು.

"ವೀರೇಶ" ಎಂದರು ಕಾಕಾ.

ನಾನು ಬಾಯಿ ತೆರೆದೆ. "ಹೌ ರೀ" ಎಂದು ಬಂತು. ಮೊದಲರ್ಧ ಇಲ್ಲಿಯದು, ಕಡೆಯದು ಗದಗಿನದು. ಯಾರದು ಅದು ಎಂಬಂತೆ ಇಮ್ತಿಯಾಜ್ ಭಾಯ್ ಹುಬ್ಬೇರಿಸಿದರು. ನಾನು ಯಾರದ್ದನ್ನೂ ಮಾಡಿರಲಿಲ್ಲ. ಕಾಕಾ ತಲೆ ಓರೆ ಮಾಡಿ, ಮೋಟಾರಿನ ಸದ್ದು ಕೇಳುವ ಫೋರ್‌ಮನ್ನನಂತೆ, ಅದು ಬಂಡೆಗಳಲ್ಲಿ ಪೂರ್ತಿ ಅಡಗುವ ತನಕ ಕೇಳಿದರು.

"ಇರ್ಲಿ" ಎಂದರು ಕೊನೆಗೆ. "ಹಾಜರ್ ಅದಾನ. ನಡೀರಿ."